ಡಿಲೀಟ್ ಮಾಡಿದ ಫೈಲ್ ಎಲ್ಲಿಗೆ ಹೋಗುತ್ತೆ? ಅಳಿಸಿದ್ದನ್ನು ಹುಡುಕಿ ತೆಗೆದವರ ನಲವತ್ತು ವರ್ಷಗಳ ಕಥೆ

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಇದನ್ನ ಕೇಳ್ತಾ ಇರೋರಿಗೆ ಮೊದಲು ಒಂದು ಪ್ರಶ್ನೆ. ಈ ವಾರ ನಿಮ್ಮ ಫೋನಿಂದ ಎಷ್ಟು ಫೋಟೊ, ಎಷ್ಟು ವಿಡಿಯೊ ಡಿಲೀಟ್ ಮಾಡಿದ್ರಿ? ಫ್ಯಾಮಿಲಿ ಗ್ರೂಪಿನ ಗುಡ್ ಮಾರ್ನಿಂಗ್ ಚಿತ್ರ, ಬೇಡದ ಸ್ಕ್ರೀನ್‌ಶಾಟ್, ಬಹುಶಃ ಯಾರಿಗೂ ಕಾಣಬಾರದ ಒಂದು ಚಾಟ್. ಕಸದಬುಟ್ಟಿಯ ಚಿತ್ರ ಒತ್ತಿದ್ರಿ, ಹೋಯ್ತು. ನಿಜವಾಗ್ಲೂ ಹೋಯ್ತಾ?

ಈ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. 1986ರಲ್ಲಿ ಕೇಳಿದ್ರೆ ಒಂದು ಉತ್ತರ, 2005ರಲ್ಲಿ ಇನ್ನೊಂದು, ಇವತ್ತು ಮತ್ತೊಂದು. ಉತ್ತರ ಗೊತ್ತಿಲ್ಲದೆ ಅಮೆರಿಕದ ಶ್ವೇತಭವನದ ಅಧಿಕಾರಿಗಳು ಸಿಕ್ಕಿಬಿದ್ದರು, ಮೂವತ್ತು ವರ್ಷ ಸಿಗದೇ ಇದ್ದ ಕೊಲೆಗಾರ ಸಿಕ್ಕಿಬಿದ್ದ. ಇವತ್ತಿನ ಸಂಚಿಕೆ ಆ ಕಥೆ: ಡಿಲೀಟ್ ಆದ ಫೈಲ್‌ಗಳನ್ನ ವಾಪಸ್ ತೆಗೆಯೋ ವಿದ್ಯೆ ಹೇಗೆ ಹುಟ್ಟಿತು, ಯಾರನ್ನ ಉಳಿಸಿತು, ಯಾರನ್ನ ಹಿಡಿಸಿತು, ಈಗ ಆ ವಿದ್ಯೆ ಯಾಕೆ ನಿಧಾನಕ್ಕೆ ಕೈಕೊಡ್ತಾ ಇದೆ.

ಮೊದಲು ಲೆಕ್ಕದ ಪುಸ್ತಕ

ನಾನು ಓದಿದ್ದು ಬಿ.ಕಾಂ. ಹಾಗಾಗಿ ಇದನ್ನ ಲೆಡ್ಜರ್ ಇಟ್ಕೊಂಡೇ ಹೇಳ್ತೀನಿ. ಹಳೇ ಕಾಲದ ದಪ್ಪ ಲೆಡ್ಜರ್ ನೋಡಿದ್ದೀರಾ? ಮೊದಲ ಕೆಲವು ಪುಟ ಇಂಡೆಕ್ಸ್. ಯಾರ ಖಾತೆ ಎಷ್ಟನೇ ಪುಟದಲ್ಲಿದೆ ಅಂತ ಅಲ್ಲಿ ಬರೆದಿರ್ತಾರೆ. ಈಗ ಒಬ್ಬ ಗಿರಾಕಿಯ ಖಾತೆ ಬೇಡ ಅಂತ ಆಯ್ತು ಅಂದ್ಕೊಳ್ಳಿ. ಗುಮಾಸ್ತ 64ನೇ ಪುಟ ಹರಿಯೋದಿಲ್ಲ, ರಬ್ಬರ್ ಹಿಡ್ಕೊಂಡು ಒಂದೊಂದು ಸಾಲನ್ನೂ ಉಜ್ಜೋದಿಲ್ಲ. ಇಂಡೆಕ್ಸ್‌ನಲ್ಲಿ ಆ ಹೆಸರಿನ ಮೇಲೆ ಒಂದು ಗೆರೆ ಎಳೆದು, 64ನೇ ಪುಟ ಖಾಲಿ, ಬೇಕಾದ್ರೆ ಬೇರೆಯವರಿಗೆ ಬಳಸಬಹುದು ಅಂತ ಗುರುತು ಹಾಕ್ತಾನೆ. ಆ ಪುಟದ ಮೇಲೆ ಬೇರೆ ಯಾರಾದ್ರೂ ಬರೆಯೋವರೆಗೂ ಹಳೇ ಲೆಕ್ಕ ಅಲ್ಲೇ ಇರುತ್ತೆ.

ಕಂಪ್ಯೂಟರ್ ದಶಕಗಳ ಕಾಲ ಮಾಡಿದ್ದು ಇದನ್ನೇ. ಕಾರಣ ಸೋಮಾರಿತನ ಅಲ್ಲ, ವೇಗ. ದೊಡ್ಡ ಫೈಲನ್ನ ನಿಜಕ್ಕೂ ಅಳಿಸಬೇಕು ಅಂದ್ರೆ ಡಿಸ್ಕ್ ಮೇಲೆ ಅಷ್ಟೂ ಜಾಗದಲ್ಲಿ ಹೊಸದಾಗಿ ಏನಾದ್ರೂ ಬರೀಬೇಕು. ಇಂಡೆಕ್ಸ್‌ನಲ್ಲಿ ಗೆರೆ ಎಳೆಯೋಕೆ ಕ್ಷಣ ಸಾಕು.

1981ರಲ್ಲಿ ಐಬಿಎಂ ಪಿಸಿ ಬಂತು. ಅದರ ಮೇಲೆ ಓಡ್ತಾ ಇದ್ದ ಡಾಸ್‌ನಲ್ಲಿ ಫೈಲ್‌ಗಳ ಲೆಕ್ಕ ಇಡೋ ವ್ಯವಸ್ಥೆಯ ಹೆಸರು ಫ್ಯಾಟ್. ನಿಮ್ಮ ಪೆನ್‌ಡ್ರೈವ್, ಮೆಮೊರಿ ಕಾರ್ಡ್‌ಗಳಲ್ಲಿ ಅದರ ವಂಶಸ್ಥರು ಇವತ್ತಿಗೂ ಇದ್ದಾರೆ. ಫ್ಯಾಟ್‌ನ ಡೈರೆಕ್ಟರಿಯಲ್ಲಿ ಒಂದೊಂದು ಫೈಲಿಗೂ 32 ಬೈಟ್‌ನ ಒಂದು ಸಾಲು. ಅದರಲ್ಲಿ ಫೈಲಿನ ಹೆಸರು, ದಿನಾಂಕ, ಗಾತ್ರ, ಡಿಸ್ಕ್‌ನಲ್ಲಿ ಎಲ್ಲಿಂದ ಶುರು ಅನ್ನೋ ಸಂಖ್ಯೆ. ಡಿಲೀಟ್ ಅಂದಾಗ ಡಾಸ್ ಮಾಡ್ತಾ ಇದ್ದದ್ದು ಎರಡೇ ಕೆಲಸ. ಒಂದು, ಹೆಸರಿನ ಮೊದಲ ಅಕ್ಷರವನ್ನ ತೆಗೆದು ಆ ಜಾಗದಲ್ಲಿ 'ಇ5' ಅನ್ನೋ ಬೈಟ್ ಬರೆಯೋದು. ಎರಡು, ಆ ಫೈಲ್ ಹಿಡಿದಿದ್ದ ತುಂಡುಗಳ ಪಟ್ಟಿಯಲ್ಲಿ ಸೊನ್ನೆ ಹಾಕಿ, ಈ ಜಾಗ ಖಾಲಿ ಅನ್ನೋದು. ಹೆಸರಿನ ಉಳಿದ ಅಕ್ಷರಗಳು ಹಾಗೇ, ಗಾತ್ರ ಹಾಗೇ, ಶುರುವಿನ ಸಂಖ್ಯೆ ಹಾಗೇ. ನೀವು ಬರೆದ ಪತ್ರವೂ ಹಾಗೇ ಬಿದ್ದಿರೋದು.

ಈ 'ಇ5' ವಿಷಯದಲ್ಲಿ ಒಂದು ತಮಾಷೆ ಇದೆ. ಜಪಾನಿ ಭಾಷೆಯ ಕೆಲವು ಅಕ್ಷರಗಳ ಕೋಡ್ ಶುರುವಾಗೋದೇ ಇ5 ಬೈಟ್‌ನಿಂದ. ಅಂಥ ಅಕ್ಷರದಿಂದ ಹೆಸರು ಶುರುವಾದ ಫೈಲನ್ನ ಕಂಪ್ಯೂಟರ್ 'ಇದು ಡಿಲೀಟ್ ಆಗಿದೆ' ಅಂತಲೇ ಓದಿಬಿಡಬಹುದು! ಅದಕ್ಕೆ ಆ ಜಾಗದಲ್ಲಿ ಇ5 ಬದಲು 05 ಬರೆಯೋ ಒಂದು ವಿಶೇಷ ನಿಯಮ ತಂದರು. ಇಂಗ್ಲಿಷ್ ಮಾತ್ರ ತಲೆಯಲ್ಲಿಟ್ಟು ಮಾಡಿದ ವ್ಯವಸ್ಥೆಗೆ ಬೇರೆ ಭಾಷೆ ಬಂದಾಗ ಏನಾಗುತ್ತೆ ಅನ್ನೋದಕ್ಕೆ ಒಳ್ಳೇ ಉದಾಹರಣೆ. ಕನ್ನಡದವರಾದ ನಮಗೂ ಇದರಲ್ಲಿ ಪಾಲಿದೆ, ಆಮೇಲೆ ಬರ್ತೀನಿ.

ಮೊದಲ ಅಕ್ಷರ ಯಾವುದು, ನೀವೇ ಹೇಳಿ

ಪೀಟರ್ ನಾರ್ಟನ್ ಅನ್ನೋ ಹೆಸರು ಕೇಳಿದ್ರೆ ಹಲವರಿಗೆ ಹಳದಿ ಡಬ್ಬದ ಆಂಟಿವೈರಸ್ ನೆನಪಾಗಬಹುದು. ಆದರೆ ಆ ಹೆಸರಿನ ಸಾಮ್ರಾಜ್ಯ ಶುರುವಾಗಿದ್ದು ಒಂದು ಡಿಲೀಟ್‌ನಿಂದ. ನಾರ್ಟನ್ ದೊಡ್ಡ ಮೇನ್‌ಫ್ರೇಮ್ ಕಂಪ್ಯೂಟರ್‌ಗಳಲ್ಲಿ ಕೆಲಸ ಮಾಡ್ತಿದ್ದ ಪ್ರೋಗ್ರಾಮರ್. ಆ ಕೆಲಸ ಹೋದ ಮೇಲೆ ಐಬಿಎಂ ಪಿಸಿ ಇಟ್ಕೊಂಡು ಸಣ್ಣಪುಟ್ಟ ಕೆಲಸ ಮಾಡ್ತಾ ಇದ್ದಾಗ ಬೇಕಾದ ಒಂದು ಫೈಲನ್ನ ತಾವೇ ಅಳಿಸಿಬಿಟ್ಟರು. ಮತ್ತೆ ಟೈಪ್ ಮಾಡೋ ಬದಲು, ಡಿಸ್ಕ್‌ನಲ್ಲಿ ಅದು ಇನ್ನೂ ಇರಲೇಬೇಕಲ್ಲ ಅಂತ ಹುಡುಕೋ ಒಂದು ಪ್ರೋಗ್ರಾಂ ಬರೆದರು. ಅದರ ಹೆಸರು ಅನ್‌ಇರೇಸ್. 1982ರಲ್ಲಿ ಮಾರಾಟಕ್ಕೆ ಬಂದ ನಾರ್ಟನ್ ಯುಟಿಲಿಟೀಸ್ ಅನ್ನೋ ಗಂಟಿನಲ್ಲಿ ಜನ ದುಡ್ಡು ಕೊಟ್ಟಿದ್ದೇ ಮುಖ್ಯವಾಗಿ ಇದಕ್ಕೆ.

ಅನ್‌ಇರೇಸ್ ಕೆಲಸ ಮಾಡ್ತಿದ್ದ ರೀತಿ ಈಗ ನಿಮಗೇ ಅರ್ಥ ಆಗುತ್ತೆ. ಇ5ರಿಂದ ಶುರುವಾಗೋ ಸಾಲುಗಳನ್ನ ಹುಡುಕೋದು. ಮೊದಲ ಅಕ್ಷರ ಹೋಗಿರುತ್ತೆ, ಅಲ್ಲಿ ಪ್ರಶ್ನಾರ್ಥಕ ಚಿಹ್ನೆ ತೋರಿಸೋದು. 'ಈ ಹೆಸರಿನ ಮೊದಲ ಅಕ್ಷರ ಏನಿತ್ತು?' ಅಂತ ನಿಮ್ಮನ್ನೇ ಕೇಳೋದು. ಕಂಪ್ಯೂಟರ್‌ಗೆ ಮರೆತುಹೋಗಿರೋ ಒಂದೇ ಒಂದು ಅಕ್ಷರವನ್ನ ಮನುಷ್ಯ ನೆನಪಿಸಿಕೊಡಬೇಕು. ಆಮೇಲೆ ಶುರುವಿನ ಸಂಖ್ಯೆಯಿಂದ ಹಿಡಿದು, ಗಾತ್ರಕ್ಕೆ ಬೇಕಾದಷ್ಟು ತುಂಡುಗಳನ್ನ ಸಾಲಾಗಿ ಜೋಡಿಸೋದು. ಫೈಲ್ ಒಂದೇ ಕಡೆ ಇದ್ದರೆ ಪೂರ್ತಿ ವಾಪಸ್. ಅಲ್ಲಲ್ಲಿ ಚೆದುರಿದ್ದರೆ ಊಹೆ ಮಾಡಬೇಕು. ಮಧ್ಯೆ ಯಾರಾದ್ರೂ ಹೊಸ ಫೈಲ್ ಬರೆದಿದ್ದರೆ ಅಷ್ಟು ಭಾಗ ಕಾಯಂ ಹೋಯ್ತು. ಅದಕ್ಕೇ ಅವತ್ತಿಂದ ಇವತ್ತಿನವರೆಗೂ ಮೊದಲ ನಿಯಮ ಒಂದೇ: ಡಿಲೀಟ್ ಆಯ್ತು ಅಂತ ಗೊತ್ತಾದ ಕ್ಷಣ ಆ ಡಿಸ್ಕ್ ಮೇಲೆ ಏನೂ ಬರೀಬೇಡಿ.

ಸಾಮಾನ್ಯ ಜನ ಆವರೆಗೆ ಡಿಲೀಟ್ ಅಂದ್ರೆ ವಿಧಿ ಅಂದ್ಕೊಂಡಿದ್ದರು. ನಾರ್ಟನ್ ಅದನ್ನ ರಿಪೇರಿ ಮಾಡಬಹುದಾದ ವಿಷಯ ಮಾಡಿಬಿಟ್ಟರು. 1990ರಲ್ಲಿ ಅವರ ಕಂಪನಿಯನ್ನ ಸಿಮ್ಯಾಂಟೆಕ್ ಕೊಂಡುಕೊಂಡಿತು. ಮಾರನೇ ವರ್ಷ, 1991ರಲ್ಲಿ, ಮೈಕ್ರೋಸಾಫ್ಟ್ ತನ್ನ ಡಾಸ್ 5.0 ಜೊತೆಗೇ ಅನ್‌ಡಿಲೀಟ್ ಅನ್ನೋ ಆಜ್ಞೆ ಕೊಟ್ಟಿತು. ಇನ್ನೊಂದು ಕಡೆ ಆಪಲ್ 1983ರ ಲೀಸಾ ಕಂಪ್ಯೂಟರ್‌ನಲ್ಲೇ ಪರದೆಯ ಮೇಲೆ ಕಸದಬುಟ್ಟಿ ಇಟ್ಟಿತ್ತು. 1995ರಲ್ಲಿ ವಿಂಡೋಸ್‌ಗೂ ರಿಸೈಕಲ್ ಬಿನ್ ಬಂತು. ಮನುಷ್ಯರು ಪಶ್ಚಾತ್ತಾಪ ಪಡ್ತಾರೆ, ಸ್ವಲ್ಪ ಸಮಯ ಕೊಡೋಣ ಅನ್ನೋ ಆಲೋಚನೆ ಅಷ್ಟೊತ್ತಿಗೆ ಕಂಪ್ಯೂಟರಿನೊಳಗೇ ಸೇರಿಕೊಂಡಿತ್ತು.

ಶ್ವೇತಭವನದ ನವೆಂಬರ್

ಈಗ 1986ಕ್ಕೆ ಹೋಗೋಣ. ಇಡೀ ಕಥೆಯಲ್ಲಿ ನನಗೆ ಅತ್ಯಂತ ಮುಖ್ಯ ಅನ್ನಿಸೋ ಭಾಗ ಇದು.

ರೊನಾಲ್ಡ್ ರೇಗನ್ ಅಮೆರಿಕದ ಅಧ್ಯಕ್ಷ. ಅವರ ರಾಷ್ಟ್ರೀಯ ಭದ್ರತಾ ಮಂಡಳಿಯ ಕೆಲವರು ಗುಟ್ಟಾಗಿ ಇರಾನ್‌ಗೆ ಆಯುಧ ಮಾರಿ, ಬಂದ ಲಾಭದ ಒಂದು ಪಾಲನ್ನ ನಿಕರಾಗುವಾದ ಕಾಂಟ್ರಾ ಬಂಡುಕೋರರಿಗೆ ಕಳಿಸಿದ್ದರು. ಆ ಬಂಡುಕೋರರಿಗೆ ಸೇನಾ ನೆರವು ಕೊಡಬಾರದು ಅಂತ ಸಂಸತ್ತು ಕಟ್ಟುಮಾಡಿತ್ತು. 1986ರ ನವೆಂಬರ್‌ನಲ್ಲಿ ವಿಷಯ ಹೊರಗೆ ಬಂತು. ತನಿಖೆ ಬರುತ್ತೆ ಅಂತ ಗೊತ್ತಾದ ಕೂಡಲೇ ಆಲಿವರ್ ನಾರ್ತ್ ಮತ್ತು ಅವರ ಸೆಕ್ರೆಟರಿ ಕಾಗದಪತ್ರಗಳನ್ನ ಯಂತ್ರಕ್ಕೆ ಹಾಕಿ ಚಿಂದಿ ಮಾಡಿದರು. ಆ ಯಂತ್ರ ಕೆಲಸ ಮಾಡ್ತು. ಆ ಕಾಗದಗಳು ಹೋದವು.

ಆದರೆ ಅವರ ಕಚೇರಿಯಲ್ಲಿ ಐಬಿಎಂನ ಪ್ರಾಫ್ಸ್ ಅನ್ನೋ ಇಮೇಲ್ ವ್ಯವಸ್ಥೆಯೂ ಇತ್ತು. ಆ ಕಾಲಕ್ಕೆ ಬಲು ಹೊಸದು. ನಾರ್ತ್ ಮತ್ತು ಅವರ ಮೇಲಧಿಕಾರಿ ಜಾನ್ ಪಾಯಿಂಡೆಕ್ಸ್‌ಟರ್ ತಮ್ಮ ಮೆಸೇಜ್‌ಗಳನ್ನ ಡಿಲೀಟ್ ಮಾಡೋಕೆ ಕೂತರು. ನಾರ್ತ್ ಏಳುನೂರಕ್ಕೂ ಹೆಚ್ಚು, ಪಾಯಿಂಡೆಕ್ಸ್‌ಟರ್ ಐದು ಸಾವಿರಕ್ಕೂ ಹೆಚ್ಚು ಮೆಸೇಜ್ ಅಳಿಸಿದರು. ಪರದೆ ಖಾಲಿ. ನೆಮ್ಮದಿ.

ಅವರು ಮರೆತಿದ್ದು ಏನು ಅಂದ್ರೆ, ಆ ಮೆಸೇಜ್‌ಗಳು ಅವರ ಮೇಜಿನ ಮೇಲಿನ ಕಂಪ್ಯೂಟರ್‌ನಲ್ಲಿ ಇರಲಿಲ್ಲ. ಎಲ್ಲೋ ಇನ್ನೊಂದು ಕೋಣೆಯ ದೊಡ್ಡ ಯಂತ್ರದಲ್ಲಿದ್ದವು. ಆ ಯಂತ್ರವನ್ನ ನೋಡಿಕೊಳ್ತಿದ್ದ ಸಿಬ್ಬಂದಿ ನಿಯಮಿತವಾಗಿ ಎಲ್ಲವನ್ನೂ ಮ್ಯಾಗ್ನೆಟಿಕ್ ಟೇಪ್‌ಗಳಿಗೆ ನಕಲು ಮಾಡ್ತಾ ಇದ್ದರು. ಸಾಮಾನ್ಯವಾಗಿ ಆ ಟೇಪ್‌ಗಳನ್ನ ಕೆಲವು ವಾರ ಆದ ಮೇಲೆ ಮತ್ತೆ ಬಳಸ್ತಾರೆ, ಹಳೇದರ ಮೇಲೇ ಹೊಸದು ಬರೀತಾರೆ. ಈ ಸಲ ಹಾಗೆ ಮಾಡಲಿಲ್ಲ. ನವೆಂಬರ್ ತಿಂಗಳ ಟೇಪ್‌ಗಳನ್ನ ಪಕ್ಕಕ್ಕೆ ತೆಗೆದಿಟ್ಟರು. ರಾಜಕೀಯ ನೇಮಕದವರಲ್ಲ, ಸರ್ಕಾರ ಬದಲಾದ್ರೂ ಅಲ್ಲೇ ಇರೋ ಸಿಬ್ಬಂದಿ.

ಆ ಟೇಪ್‌ಗಳಿಂದ ತೆಗೆದ ಮೆಸೇಜ್‌ಗಳು ವಿಚಾರಣಾ ಆಯೋಗದ ಕೈಗೆ ಬಂದವು. ಟವರ್ ಆಯೋಗ 1987ರ ಫೆಬ್ರುವರಿಯಲ್ಲಿ ಕೊಟ್ಟ ವರದಿಯಲ್ಲಿ ಅವು ಪುಟಪುಟದಲ್ಲೂ ಇವೆ. ಅದೇ ವರ್ಷ ಬೇಸಿಗೆಯಲ್ಲಿ ಟಿವಿ ಕ್ಯಾಮೆರಾಗಳ ಮುಂದೆ ಸಾಕ್ಷಿ ಹೇಳಿದಾಗ ನಾರ್ತ್, ಗುಂಡಿ ಒತ್ತಿದರೆ ಎಲ್ಲ ಹೋಯಿತು ಅಂತಲೇ ತಾವು ನಂಬಿದ್ದಾಗಿ ಒಪ್ಪಿಕೊಂಡರು.

ಕಥೆ ಅಲ್ಲಿಗೇ ನಿಲ್ಲಲ್ಲ. 1989ರ ಜನವರಿ 19. ರೇಗನ್ ಅವಧಿಯ ಕೊನೇ ಪೂರ್ತಿ ದಿನ. ಮಾರನೇ ದಿನ ಹೊಸ ಅಧ್ಯಕ್ಷರು ಬರ್ತಾರೆ, ಹಳೇ ಆಡಳಿತದ ಇಮೇಲ್ ಟೇಪ್‌ಗಳನ್ನ ಅಳಿಸೋ ಸಿದ್ಧತೆ ನಡೆದಿತ್ತು. ನ್ಯಾಷನಲ್ ಸೆಕ್ಯುರಿಟಿ ಆರ್ಕೈವ್ ಅನ್ನೋ ಖಾಸಗಿ ಸಂಶೋಧನಾ ಸಂಸ್ಥೆ ಮತ್ತು ಪತ್ರಕರ್ತ ಸ್ಕಾಟ್ ಆರ್ಮ್‌ಸ್ಟ್ರಾಂಗ್ ಓಡಿಹೋಗಿ ಕೋರ್ಟಿನ ಬಾಗಿಲು ತಟ್ಟಿದರು. ಅವತ್ತೇ ಸಂಜೆ ನ್ಯಾಯಾಧೀಶರು ತಡೆ ಕೊಟ್ಟರು. ಸರ್ಕಾರದ ವಾದ ಏನಿತ್ತು ಗೊತ್ತಾ? ಮುಖ್ಯವಾದ ಇಮೇಲ್‌ಗಳನ್ನ ಪ್ರಿಂಟ್ ತೆಗೆದು ಫೈಲ್ ಮಾಡಿದ್ರೆ ಸಾಕು, ಕಂಪ್ಯೂಟರ್‌ನಲ್ಲಿರೋದು ಅಳಿದ್ರೂ ಪರವಾಗಿಲ್ಲ ಅಂತ. 1993ರಲ್ಲಿ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಯಾರು, ಯಾರಿಗೆ, ಯಾವಾಗ ಕಳಿಸಿದರು ಅನ್ನೋದು ಪ್ರಿಂಟ್‌ನಲ್ಲಿ ಪೂರ್ತಿ ಬರೋದಿಲ್ಲ, ಕಂಪ್ಯೂಟರಿನ ಇಮೇಲ್ ಕೂಡ ಸರ್ಕಾರಿ ದಾಖಲೆಯೇ, ಉಳಿಸಲೇಬೇಕು ಅಂತ ತೀರ್ಪಾಯಿತು.

ಯೋಚಿಸಿ ನೋಡಿ. ಡಿಲೀಟ್ ಗುಂಡಿ ಒತ್ತೋ ಅಧಿಕಾರ ಯಾರಿಗಿದೆ ಅನ್ನೋದು ಇಲ್ಲಿ ತಂತ್ರಜ್ಞಾನದ ಪ್ರಶ್ನೆಯಾಗಿ ಉಳಿಯಲಿಲ್ಲ. ಜನರ ದುಡ್ಡಲ್ಲಿ ನಡೆಯೋ ಕಚೇರಿಯ ನೆನಪು ಯಾರ ಆಸ್ತಿ ಅನ್ನೋ ಪ್ರಶ್ನೆ ಆಯಿತು.

ವುಡಿಯ ಟೋಪಿ ಮಾಯ

ಸ್ವಲ್ಪ ಹಗುರವಾದ ಕಥೆ. 1998. ಪಿಕ್ಸಾರ್ ಸ್ಟುಡಿಯೊದಲ್ಲಿ ಟಾಯ್ ಸ್ಟೋರಿ 2 ತಯಾರಾಗ್ತಾ ಇದೆ. ಯಾರೋ ಸರ್ವರ್‌ನಲ್ಲಿ ಯೂನಿಕ್ಸ್‌ನ ಅಳಿಸೋ ಆಜ್ಞೆಯನ್ನ ತಪ್ಪು ಜಾಗದಲ್ಲಿ ಓಡಿಸಿಬಿಟ್ಟರು. ಆ ಹೊತ್ತಿಗೆ ಪರದೆ ನೋಡ್ತಾ ಇದ್ದವರ ಕಣ್ಣೆದುರೇ ವುಡಿಯ ಟೋಪಿ ಹೋಯಿತು, ಬೂಟು ಹೋಯಿತು, ಆಮೇಲೆ ವುಡಿಯೇ ಹೋದ. ಓಡಿಹೋಗಿ ಯಂತ್ರದ ವೈರ್ ಕಿತ್ತು ಹಾಕೋ ಹೊತ್ತಿಗೆ ಸಿನಿಮಾದ ಸುಮಾರು ಶೇ 90 ಭಾಗ ಅಳಿದಿತ್ತು.

ಬ್ಯಾಕಪ್ ಇದೆಯಲ್ಲ ಅಂದ್ರು. ತೆಗೆದು ನೋಡಿದ್ರೆ ಬ್ಯಾಕಪ್ ವ್ಯವಸ್ಥೆ ಕೆಟ್ಟು ಕೂತಿತ್ತು, ಯಾರೂ ಪರೀಕ್ಷೆ ಮಾಡಿರಲಿಲ್ಲ. ಕೊನೆಗೆ ಉಳಿಸಿದ್ದು ಗ್ಯಾಲಿನ್ ಸುಸ್ಮನ್. ಸಿನಿಮಾದ ತಾಂತ್ರಿಕ ಮೇಲ್ವಿಚಾರಕಿ, ಆಗಷ್ಟೇ ಮಗು ಆಗಿತ್ತು. ಮನೆಯಿಂದ ಕೆಲಸ ಮಾಡೋಕೆ ಅಂತ ಸಿನಿಮಾದ ಪ್ರತಿಯನ್ನ ಮನೆಯ ಕಂಪ್ಯೂಟರ್‌ಗೆ ಹಾಕಿಕೊಂಡಿದ್ದರು. ಆ ಕಂಪ್ಯೂಟರನ್ನ ಕಂಬಳಿಯಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಲ್ಲಿ ಕೂಸಿನ ಥರ ಕೂರಿಸಿಕೊಂಡು ಸ್ಟುಡಿಯೊಗೆ ತಂದರು. ಪಿಕ್ಸಾರ್‌ನ ಎಡ್ ಕ್ಯಾಟ್‌ಮಲ್ ತಮ್ಮ 'ಕ್ರಿಯೇಟಿವಿಟಿ, ಇಂಕ್.' ಪುಸ್ತಕದಲ್ಲಿ ಇದನ್ನ ಹೇಳಿದ್ದಾರೆ. ಸಿನಿಮಾ 1999ರ ನವೆಂಬರ್‌ನಲ್ಲಿ ಬಂತು. ಇಲ್ಲಿ ಯಾವ ಅನ್‌ಇರೇಸೂ ಕೆಲಸಕ್ಕೆ ಬರಲಿಲ್ಲ. ಬೇರೆ ಕಡೆ ಒಂದು ಪ್ರತಿ ಇತ್ತು, ಅಷ್ಟೇ.

ಹಳೇ ಡಿಸ್ಕ್ ಕೊಂಡವರು

ಇಲ್ಲಿವರೆಗೆ ಕೇಳಿದ್ದು ಕಳೆದುಕೊಂಡವರ ಕಡೆಯಿಂದ. ಈಗ ಆ ಕಡೆಗೆ ತಿರುಗೋಣ. ಅಳಿಸಿದ್ದು ಅಳಿಯೋದಿಲ್ಲ ಅಂದ್ರೆ, ನಾವು ಮಾರಿದ ಹಳೇ ಕಂಪ್ಯೂಟರ್‌ಗಳ ಗತಿ ಏನು?

ಅಮೆರಿಕದ ಎಂಐಟಿಯಲ್ಲಿ ಸಂಶೋಧಕರಾಗಿದ್ದ ಸಿಮ್ಸನ್ ಗಾರ್ಫಿಂಕಲ್ ಮತ್ತು ಅಭಿ ಶೆಲಟ್ ಇದನ್ನೇ ಪರೀಕ್ಷೆ ಮಾಡಿದರು. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಿಂದ 158 ಹಾರ್ಡ್ ಡಿಸ್ಕ್ ಕೊಂಡರು. ಅದರಲ್ಲಿ 129 ಕೆಲಸ ಮಾಡ್ತಾ ಇದ್ದವು. ಸರಿಯಾಗಿ ಅಳಿಸಿದ್ದು ಎಷ್ಟು? ಬರೀ 12. ಉಳಿದವುಗಳಲ್ಲಿ ವೈದ್ಯಕೀಯ ವಿಷಯ, ಪ್ರೇಮಪತ್ರ, ಐದು ಸಾವಿರಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ನಂಬರ್. ಒಂದು ಡಿಸ್ಕ್ ಹಿಂದೆ ಎಟಿಎಂ ಯಂತ್ರದಲ್ಲಿ ಇದ್ದದ್ದು. 2003ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಆ ಡಿಸ್ಕ್‌ಗಳನ್ನ ಮಾರಿದ ಬಹಳ ಜನ ಫಾರ್ಮ್ಯಾಟ್ ಮಾಡಿಯೇ ಮಾರಿದ್ದರು. ಆದರೆ ಆಗಿನ ಫಾರ್ಮ್ಯಾಟ್ ಅಂದ್ರೆ ಹೊಸ ಖಾಲಿ ಇಂಡೆಕ್ಸ್ ಬರೆಯೋದು ಅಷ್ಟೇ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಹಳೇ ಲ್ಯಾಪ್‌ಟಾಪ್ ಕೊಡೋ ಮುಂಚೆ ಈ 12 ಅನ್ನೋ ಸಂಖ್ಯೆ ನೆನಪಿಟ್ಕೊಳ್ಳಿ.

ಎರಡು ವರ್ಷ ಆದ ಮೇಲೆ, ಕ್ಯಾನ್ಸಸ್ ರಾಜ್ಯದ ವಿಚಿಟಾ ನಗರ. ಅಲ್ಲಿ 1974ರಿಂದ 1991ರ ನಡುವೆ ಹತ್ತು ಜನರನ್ನ ಕೊಂದಿದ್ದ ಬಿಟಿಕೆ ಅನ್ನೋ ಕೊಲೆಗಾರ ಸಿಕ್ಕಿರಲೇ ಇಲ್ಲ. 2004ರಲ್ಲಿ ಅವನೇ ಮತ್ತೆ ಪೊಲೀಸರಿಗೆ, ಮಾಧ್ಯಮಗಳಿಗೆ ಪತ್ರ ಬರೆಯೋಕೆ ಶುರು ಮಾಡಿದ. ಒಂದು ಪತ್ರದಲ್ಲಿ ಪೊಲೀಸರನ್ನೇ ಕೇಳಿದ: ಫ್ಲಾಪಿ ಕಳಿಸಿದ್ರೆ ನನ್ನನ್ನ ಪತ್ತೆ ಹಚ್ಚೋಕೆ ಆಗುತ್ತಾ? ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಉತ್ತರಿಸಿ ಅಂದ. ಪೊಲೀಸರು ಏನೂ ತೊಂದರೆ ಇಲ್ಲ ಅನ್ನೋ ಅರ್ಥದ ಜಾಹೀರಾತು ಹಾಕಿದರು. 2005ರ ಫೆಬ್ರುವರಿಯಲ್ಲಿ ಒಂದು ಟಿವಿ ಚಾನೆಲ್‌ಗೆ ಫ್ಲಾಪಿ ಬಂತು. ಅದರಲ್ಲಿ ಕಾಣೋ ಫೈಲ್ ಒಂದು. ಕಾಣದೇ ಇದ್ದ, ಅಳಿಸಿದ್ದ ಒಂದು ವರ್ಡ್ ಫೈಲನ್ನ ಪೊಲೀಸರು ಹೊರತೆಗೆದರು. ಅದರ ಒಳವಿವರಗಳಲ್ಲಿ ಒಂದು ಚರ್ಚಿನ ಹೆಸರು, ಕೊನೆಗೆ ಬದಲಾವಣೆ ಮಾಡಿದವನ ಹೆಸರು 'ಡೆನ್ನಿಸ್'. ಆ ಚರ್ಚಿನ ಮಂಡಳಿಯ ಅಧ್ಯಕ್ಷ ಡೆನ್ನಿಸ್ ರೇಡರ್. ಡಿಎನ್‌ಎ ಹೊಂದಿಕೆಯಾಯಿತು, ಅದೇ ತಿಂಗಳು 25ರಂದು ಬಂಧನವಾಯಿತು. ಮೂವತ್ತು ವರ್ಷದ ತನಿಖೆಗೆ ದಾರಿ ತೋರಿಸಿದ್ದು ಇಂಡೆಕ್ಸ್‌ನಲ್ಲಿ ಗೆರೆ ಎಳೆದಿದ್ದ ಒಂದು ಪುಟ.

ಆಕಾಶದಿಂದ ಬಿದ್ದ ಡಿಸ್ಕ್

2003ರ ಫೆಬ್ರುವರಿ 1 ನಮ್ಮಲ್ಲಿ ಹಲವರಿಗೆ ಶಾಲೆಯಲ್ಲಿ ಕೇಳಿದ ದಿನಾಂಕ. ಕೊಲಂಬಿಯಾ ಬಾಹ್ಯಾಕಾಶ ನೌಕೆ ಭೂಮಿಗೆ ಮರಳುವಾಗ ಒಡೆದುಹೋಯಿತು. ಕಲ್ಪನಾ ಚಾವ್ಲಾ ಸೇರಿ ಏಳೂ ಜನ ತೀರಿಕೊಂಡರು. ಅವಶೇಷಗಳು ಟೆಕ್ಸಸ್ ಸುತ್ತಮುತ್ತ ಚದುರಿ ಬಿದ್ದವು.

ಸುಮಾರು ಆರು ತಿಂಗಳ ನಂತರ ಒಣಗಿದ ಕೆರೆಯ ಅಂಗಳದಲ್ಲಿ ಸುಟ್ಟು ಕರಕಲಾದ ಒಂದು ಲೋಹದ ಮುದ್ದೆ ಸಿಕ್ಕಿತು. ಅದರೊಳಗೆ ಸೀಗೇಟ್ ಕಂಪನಿಯ ಒಂದು ಹಾರ್ಡ್ ಡಿಸ್ಕ್, ಸುಮಾರು 400 ಎಂಬಿಯದ್ದು. ಇವತ್ತು ನಿಮ್ಮ ಒಂದು ವಿಡಿಯೊಗೂ ಸಾಲದಷ್ಟು ಜಾಗ. ಕ್ಸೆನಾನ್ ಅನಿಲದ ಹರಿಯೋ ಗುಣದ ಬಗ್ಗೆ ನೌಕೆಯಲ್ಲಿ ನಡೆದಿದ್ದ ಪ್ರಯೋಗದ ದತ್ತಾಂಶ ಅದರಲ್ಲಿತ್ತು. ಕೆಲವು ಭಾಗವನ್ನ ಹಾರಾಟದ ಸಮಯದಲ್ಲೇ ರೇಡಿಯೊ ಮೂಲಕ ಭೂಮಿಗೆ ಕಳಿಸಿದ್ದರು. ಉಳಿದದ್ದು ನೌಕೆಯ ಜೊತೆಗೇ ಹೋಯಿತು ಅಂತ ವಿಜ್ಞಾನಿಗಳು ಕೈಬಿಟ್ಟಿದ್ದರು.

ಡಿಸ್ಕ್ ಮಿನಿಯಾಪೊಲಿಸ್ ಬಳಿಯ ಕ್ರೋಲ್ ಆನ್‌ಟ್ರ್ಯಾಕ್ ಅನ್ನೋ ಡೇಟಾ ರಿಕವರಿ ಕಂಪನಿಗೆ ಹೋಯಿತು. ಪ್ಲಾಸ್ಟಿಕ್ ಕರಗಿತ್ತು, ಧೂಳು ಒಳಗೆ ನುಗ್ಗಿತ್ತು, ಸರ್ಕ್ಯೂಟ್ ಸುಟ್ಟಿತ್ತು. ಆದರೆ ದತ್ತಾಂಶ ಇರೋ ತಟ್ಟೆಗಳು ಬಗ್ಗಿರಲಿಲ್ಲ. ಅವನ್ನ ತೊಳೆದು, ಹೊಸ ಡ್ರೈವ್‌ನ ಭಾಗಗಳ ಮೇಲೆ ಕೂರಿಸಿ ಓದಿದರು. ಸುಮಾರು ಶೇ 99 ವಾಪಸ್ ಬಂತು. ಇದಕ್ಕೆ ಒಂದು ಕಾರಣ ಕೇಳಿದ್ರೆ ಖುಷಿ ಆಗುತ್ತೆ. ಆ ಕಂಪ್ಯೂಟರ್ ಓಡ್ತಾ ಇದ್ದದ್ದು ಹಳೇ ಡಾಸ್. ಡಾಸ್ ಫೈಲ್‌ಗಳನ್ನ ಡಿಸ್ಕ್ ತುಂಬಾ ಚದುರಿಸದೆ ಒಂದು ಕಡೆಯಿಂದ ಬರೀತಾ ಹೋಗುತ್ತೆ. ತಟ್ಟೆಯಲ್ಲಿ ಹಾಳಾಗಿದ್ದ ಜಾಗ ಇನ್ನೂ ಏನೂ ಬರೆಯದೇ ಇದ್ದ ಜಾಗ. ಪ್ರಯೋಗದ ಫಲಿತಾಂಶ 2008ರಲ್ಲಿ 'ಫಿಸಿಕಲ್ ರಿವ್ಯೂ ಇ' ಪತ್ರಿಕೆಯಲ್ಲಿ ಪ್ರಕಟವಾಯಿತು. ಮನುಷ್ಯರು ಮರಳಲಿಲ್ಲ, ಅವರು ಹದಿನಾರು ದಿನ ಮೇಲಿದ್ದು ಮಾಡಿದ ಕೆಲಸದ ಒಂದು ತುಂಡು ಮರಳಿತು. ನೌಕೆಯಲ್ಲಿದ್ದ ಇನ್ನೆರಡು ಡಿಸ್ಕ್‌ಗಳೂ ಆ ಕಂಪನಿಗೆ ಹೋಗಿದ್ದವು. ಅವುಗಳಿಂದ ಏನೂ ಸಿಗಲಿಲ್ಲ.

ನಮ್ಮ ಕೋರ್ಟು, ನಮ್ಮ ಟ್ಯಾಲಿ, ನಮ್ಮ ಅಕ್ಷರ

ಅದೇ 2008ರಲ್ಲಿ ದೆಹಲಿ ಹೈಕೋರ್ಟ್ ಮುಂದೆ ಒಂದು ಸೊಗಸಾದ ಪ್ರಶ್ನೆ ಬಂತು. ಧರಂಬೀರ್ ವಿರುದ್ಧ ಸಿಬಿಐ ಪ್ರಕರಣ. ಕದ್ದಾಲಿಸಿದ ಫೋನ್ ಕರೆಗಳು ಹಾರ್ಡ್ ಡಿಸ್ಕ್‌ಗಳಲ್ಲಿದ್ದವು. ಸಾಕ್ಷಿ ಯಾವುದು, ಬೇಕಾದ ಕರೆಗಳನ್ನ ನಕಲು ಮಾಡಿದ ಸಿಡಿಯೋ, ಇಡೀ ಡಿಸ್ಕೋ? ನ್ಯಾಯಮೂರ್ತಿ ಎಸ್. ಮುರಳೀಧರ್ ತೀರ್ಪಿನ ಸಾರ ಹೀಗೆ: ಏನೂ ಬರೆಯದ ಹೊಸ ಡಿಸ್ಕ್ ಬರೀ ಒಂದು ವಸ್ತು. ಆದರೆ ಒಮ್ಮೆ ಬರೆದು ಆಮೇಲೆ ಅಳಿಸಿದ ಡಿಸ್ಕ್ ಮತ್ತೆ ಹೊಸದಾಗೋದಿಲ್ಲ. ಏನೋ ಇತ್ತು, ಅಳಿಸಲಾಗಿದೆ ಅನ್ನೋ ಮಾಹಿತಿ ಅದರಲ್ಲಿರುತ್ತೆ, ಹಾಗಾಗಿ ಅದೂ ಒಂದು ದಾಖಲೆ. ಇ5 ಬೈಟ್‌ನ ತತ್ವವನ್ನ ಕಾನೂನಿನ ಭಾಷೆಯಲ್ಲಿ ಹೇಳಿದ ಹಾಗಿದೆ ಅಲ್ವಾ? ಈ ಕೆಲಸಕ್ಕೆ ಬೇಕಾದ ಸಾಧನಗಳೂ ನಮ್ಮಲ್ಲೇ ಬಂದವು. ತಿರುವನಂತಪುರದ ಸಿ-ಡ್ಯಾಕ್ 'ಸೈಬರ್‌ಚೆಕ್' ಅನ್ನೋ ತನಿಖಾ ತಂತ್ರಾಂಶ ಮಾಡಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ, ಡಿಜಿಟಲ್ ಸಾಕ್ಷಿಯ ಜೊತೆ ಕೊಡೋ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಹ್ಯಾಶ್ ಅಂದ್ರೆ ಫೈಲಿನ ಬೆರಳಚ್ಚು. ಒಂದು ಬೈಟ್ ಬದಲಾದ್ರೂ ಗೊತ್ತಾಗುತ್ತೆ.

ಕಾಮರ್ಸ್ ಓದಿದವರಿಗೆ ಇನ್ನೊಂದು. ಲೆಕ್ಕ ಬರೆಯೋದನ್ನ ಕಲಿಸುವಾಗ ಮೇಷ್ಟ್ರು ಹೇಳೋ ನಿಯಮ ನೆನಪಿದೆಯಾ? ತಪ್ಪು ನಮೂದನ್ನ ಅಳಿಸಬಾರದು, ತಿದ್ದುಪಡಿ ನಮೂದು ಹಾಕಬೇಕು. ಕಂಪ್ಯೂಟರ್ ಬಂದ ಮೇಲೆ ಈ ಶಿಸ್ತು ಸಡಿಲವಾಗಿತ್ತು, ಹಳೇ ವೋಚರ್ ತೆರೆದು ಸದ್ದಿಲ್ಲದೆ ಡಿಲೀಟ್ ಮಾಡಬಹುದಿತ್ತು. 2023ರ ಏಪ್ರಿಲ್ 1ರಿಂದ ಭಾರತದ ಕಂಪನಿಗಳು ಬಳಸೋ ಲೆಕ್ಕದ ತಂತ್ರಾಂಶದಲ್ಲಿ, ಯಾವ ನಮೂದು ಯಾವಾಗ ಬದಲಾಯಿತು ಅನ್ನೋ ಜಾಡು ಇರಲೇಬೇಕು, ಅದನ್ನ ಆಫ್ ಮಾಡೋಕೆ ಆಗಬಾರದು ಅನ್ನೋ ನಿಯಮ ಬಂತು. ನಮ್ಮ ಬೆಂಗಳೂರಿನ ಟ್ಯಾಲಿಯಲ್ಲಿ 'ಎಡಿಟ್ ಲಾಗ್' ಅಂತ ಕಾಣೋದು ಇದೇ.

ಇನ್ನು ಕನ್ನಡದ ಪಾಲು. ಅಳಿಸಿದ ಫೈಲ್ ಹುಡುಕೋಕೆ ಇಂಡೆಕ್ಸೇ ಇಲ್ಲದಿದ್ರೆ ಇನ್ನೊಂದು ದಾರಿ ಇದೆ. ಡಿಸ್ಕನ್ನ ಮೊದಲಿಂದ ಕೊನೆವರೆಗೆ ಓದಿ, ಫೈಲ್‌ಗಳ ಮುಖಚಹರೆ ಹುಡುಕೋದು. ಪ್ರತಿ ಪಿಡಿಎಫ್ ಶುರುವಾಗೋದು ಶೇಕಡಾ ಚಿಹ್ನೆ, ಅದರ ಪಕ್ಕ ಪಿ, ಡಿ, ಎಫ್ ಅನ್ನೋ ಅಕ್ಷರಗಳಿಂದ. ಜೆಪೆಗ್ ಫೋಟೊಗಳಿಗೂ ಹೀಗೇ ಒಂದು ತಲೆಬರಹ ಇದೆ. ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೇ ಬರೆದ ಉಚಿತ ತಂತ್ರಾಂಶ ಫೋಟೊರೆಕ್ ಮಾಡೋದು ಇದನ್ನೇ. ಹಾಗೇ ಪದಗಳನ್ನೂ ಹುಡುಕಬಹುದು. ಆದರೆ ಯೂನಿಕೋಡ್‌ಗೆ ಮುಂಚೆ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತ ಡಿಸ್ಕ್‌ನಲ್ಲಿ ಇರೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಿಚಡಿಯಾಗಿ. 'ಕರ್ನಾಟಕ' ಅಂತ ಯೂನಿಕೋಡ್‌ನಲ್ಲಿ ಹುಡುಕಿದ್ರೆ ಅದು ಸಿಗೋದಿಲ್ಲ. ಹಳೇ ಕಂಪ್ಯೂಟರಿಂದ ತಾತನ ಆತ್ಮಕಥೆ, ಊರಿನ ಸ್ಮರಣ ಸಂಚಿಕೆ ವಾಪಸ್ ಪಡೆದವರಿಗೆ ಕೆಲಸ ಅರ್ಧ ಮಾತ್ರ ಮುಗಿದಿರುತ್ತೆ. ಆಮೇಲೆ ಯೂನಿಕೋಡ್‌ಗೆ ಪರಿವರ್ತಿಸಬೇಕು. ಕಸ ಅಂತ ಬಿಸಾಡಬೇಡಿ, ಅದು ಕನ್ನಡವೇ ಇರಬಹುದು.

ಈಗ ಡಿಲೀಟ್ ಅಂದ್ರೆ ಡಿಲೀಟ್

ಇಷ್ಟೆಲ್ಲ ಕೇಳಿ, 'ಹಾಗಾದ್ರೆ ನನ್ನ ಫೋನಿಂದ ಹೋದದ್ದೂ ಸಿಗುತ್ತೆ' ಅಂತ ಖುಷಿ ಪಡಬೇಡಿ. ಇಲ್ಲಿ ಕಥೆ ತಿರುಗುತ್ತೆ.

ಹಾರ್ಡ್ ಡಿಸ್ಕ್ ಜಾಗದಲ್ಲಿ ಎಸ್‌ಎಸ್‌ಡಿ ಬಂತು. ಅದರಲ್ಲಿರೋ ಫ್ಲ್ಯಾಶ್ ಮೆಮೊರಿಯಲ್ಲಿ ಹಳೇದರ ಮೇಲೆ ನೇರವಾಗಿ ಹೊಸದು ಬರೆಯೋಕೆ ಆಗಲ್ಲ. ಮೊದಲು ಅಳಿಸಲೇಬೇಕು. ಅದಕ್ಕೆ ಟ್ರಿಮ್ ಅನ್ನೋ ವ್ಯವಸ್ಥೆ ಬಂತು, 2009ರ ವಿಂಡೋಸ್ 7ರಲ್ಲೇ ಇತ್ತು. ನೀವು ಡಿಲೀಟ್ ಮಾಡಿದ ಕೂಡಲೇ ಕಂಪ್ಯೂಟರ್ ಎಸ್‌ಎಸ್‌ಡಿಗೆ ಹೇಳುತ್ತೆ, ಈ ಪುಟಗಳು ಬೇಡ ಅಂತ. ಎಸ್‌ಎಸ್‌ಡಿ ಬಿಡುವಾದಾಗ ಅವನ್ನ ನಿಜವಾಗಿಯೇ ಖಾಲಿ ಮಾಡುತ್ತೆ. ಗುಮಾಸ್ತನ ಕೈಗೆ ಈಗ ರಬ್ಬರ್ ಬಂದಿದೆ.

ಫೋನಿನ ಕಥೆ ಇನ್ನೂ ಬಿಗಿ. 2009ರ ಐಫೋನ್ 3ಜಿಎಸ್‌ನಿಂದ ಆಪಲ್ ಹಾರ್ಡ್‌ವೇರ್ ಮಟ್ಟದ ಎನ್‌ಕ್ರಿಪ್ಷನ್ ತಂದಿತು. ಆಂಡ್ರಾಯ್ಡ್ 10ರೊಂದಿಗೆ ಹೊಸದಾಗಿ ಬರೋ ಫೋನ್‌ಗಳಿಗೂ ಎನ್‌ಕ್ರಿಪ್ಷನ್ ಕಡ್ಡಾಯವಾಯಿತು. ಡೇಟಾ ಬೀಗ ಹಾಕಿದ ರೂಪದಲ್ಲೇ ಇರುತ್ತೆ, ಕೀಲಿಯನ್ನ ನಾಶ ಮಾಡಿದ್ರೆ ಉಳಿದಿದ್ದು ಅರ್ಥವಿಲ್ಲದ ಗೊಂದಲ. ಡಿಲೀಟ್ ಆದ ಎಲ್ಲಾ ಫೋಟೊ ವಾಪಸ್ ಕೊಡ್ತೀವಿ ಅನ್ನೋ ಆ್ಯಪ್‌ಗಳು ಬಹಳ ಸಲ ತೋರಿಸೋದು ಎಲ್ಲೋ ಉಳಿದ ಸಣ್ಣ ಥಂಬ್‌ನೇಲ್‌ಗಳನ್ನ. ಅದಕ್ಕೆ ದುಡ್ಡು, ಅದರ ಮೇಲೆ ನಿಮ್ಮ ಗ್ಯಾಲರಿಯ ಪೂರ್ತಿ ಅನುಮತಿ ಬೇರೆ.

ಹಾಗಾದ್ರೆ ಏನು ಮಾಡಬೇಕು? ಬೇಗ ಬೇಗ ಹೇಳ್ತೀನಿ. ಫೋಟೊ ಹೋದ್ರೆ ಮೊದಲು ಬಿನ್ ನೋಡಿ. ಐಫೋನ್‌ನಲ್ಲಿ 30 ದಿನ, ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದರೆ 60 ದಿನ ಇರುತ್ತೆ. ಮೆಮೊರಿ ಕಾರ್ಡ್, ಪೆನ್‌ಡ್ರೈವ್, ಹಳೇ ಹಾರ್ಡ್ ಡಿಸ್ಕ್‌ನಿಂದ ಹೋಗಿದ್ರೆ ಬಳಸೋದು ನಿಲ್ಲಿಸಿ, ಫೋಟೊರೆಕ್ ಓಡಿಸಿ, ಸಿಕ್ಕಿದ್ದನ್ನ ಬೇರೆ ಡಿಸ್ಕ್‌ಗೆ ಉಳಿಸಿ. ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅಂತ ಸದ್ದು ಮಾಡಿದ್ರೆ ಕರೆಂಟ್ ತೆಗೆದು ಲ್ಯಾಬ್‌ಗೆ ಕೊಡಿ, ಮನೆಯಲ್ಲಿ ಬಿಚ್ಚಬೇಡಿ. ಹಳೇ ಹಾರ್ಡ್ ಡಿಸ್ಕ್ ಮಾರೋದಾದ್ರೆ ಕ್ವಿಕ್ ಫಾರ್ಮ್ಯಾಟ್ ಸಾಲದು, ಪೂರ್ತಿ ಮೇಲೆ ಬರೆದು ಅಳಿಸಿ. ಬ್ಯಾಕಪ್ ಇಟ್ಕೊಳ್ಳಿ, ವರ್ಷಕ್ಕೊಮ್ಮೆಯಾದ್ರೂ ಅದನ್ನ ತೆರೆದು ನೋಡಿ. ಪಿಕ್ಸಾರ್ ಮಾಡದೇ ಇದ್ದದ್ದು ಅದನ್ನೇ.

ಕೊನೆಯದಾಗಿ ನನ್ನ ಅನಿಸಿಕೆ ಒಂದು. ಖಾಸಗಿ ಜನರಾದ ನಮಗೆ ಡಿಲೀಟ್ ನಿಜವಾಗಿ ಕೆಲಸ ಮಾಡೋದು ಒಳ್ಳೇದೇ. ಮಾರಿದ ಫೋನಿಂದ ನಮ್ಮ ಮನೆ ವಿಷಯ ಯಾರಿಗೂ ಸಿಗಬಾರದು. ಆದರೆ ಅದೇ ಬಿಗಿಯಾದ ಡಿಲೀಟ್ ಅಧಿಕಾರದಲ್ಲಿರೋರ ಕೈಗೂ ಬಂದಿದೆ. ಏಳು ದಿನಕ್ಕೆ ತಾನಾಗೇ ಮಾಯವಾಗೋ ಮೆಸೇಜ್‌ನಲ್ಲಿ ಒಬ್ಬ ಅಧಿಕಾರಿ ತೀರ್ಮಾನ ತಗೊಂಡ್ರೆ, ಪಕ್ಕಕ್ಕೆ ತೆಗೆದಿಡೋಕೆ ಯಾವ ಟೇಪೂ ಇರೋದಿಲ್ಲ. 1986ರಲ್ಲಿ ಸತ್ಯ ಉಳಿದಿದ್ದು ಯಂತ್ರ ಸರಿಯಾಗಿ ಅಳಿಸಲಿಲ್ಲ ಅಂತ, ಮತ್ತೆ ಒಂದಿಷ್ಟು ಸಿಬ್ಬಂದಿ ತಮ್ಮ ಕೆಲಸ ಸರಿಯಾಗಿ ಮಾಡಿದರು ಅಂತ. ಯಂತ್ರದ ಆ ದೌರ್ಬಲ್ಯ ಈಗ ಇಲ್ಲ. ಉಳಿದಿರೋದು ನಿಯಮ ಮತ್ತು ಅದನ್ನ ಪಾಲಿಸೋ ಜನ. ನಿಮ್ಮ ಊರಿನ ಪಂಚಾಯ್ತಿಯಲ್ಲೋ ಕಾಲೇಜಿನಲ್ಲೋ ಮುಖ್ಯ ತೀರ್ಮಾನಗಳು ಎಲ್ಲಿ ದಾಖಲಾಗ್ತಿವೆ ಅಂತ ಒಮ್ಮೆ ಕೇಳಿ ನೋಡಿ.

ನಿಮ್ಮ ಹತ್ರ ಹಳೇ ಫ್ಲಾಪಿ, ಸತ್ತ ಹಾರ್ಡ್ ಡಿಸ್ಕ್ ಇದ್ದು ಅದರೊಳಗೆ ಏನಿರಬಹುದು ಅಂತ ಕುತೂಹಲ ಇದ್ರೆ ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.